ಮಂಜು, 950 ರೂಪಾಯಿ ಅಡಾಪ್ಟರ್, ಮತ್ತೆ ಆ ಸ್ಯಾಕ್ಸೋಫೋನ್ ಮನುಷ್ಯ

ಇದು ಮಡಿಕೇರಿ ರಾಜಾಸೀಟ್. ನಿಜವಾಗಿಯೂ. ಕಂಬಿ ಕಾಣುತ್ತಿದೆ ಅಲ್ವಾ, ಅದರಾಚೆ ದೊಡ್ಡ ಕಣಿವೆ ಇದೆ, ಈಗ ಬರೀ ಬಿಳಿ. ಆಗಸ್ಟ್‌ನಲ್ಲಿ ಬಂದರೆ ಹೀಗೇ. ಪಕ್ಕದಲ್ಲಿ ನಿಂತಿರುವವರು ಬೆಂಗಳೂರಿನಿಂದ ಬಂದವರಂತೆ. ಹತ್ತು ನಿಮಿಷದಿಂದ ಆ ಬಿಳಿಯನ್ನೇ ನೋಡುತ್ತಿದ್ದಾರೆ, ಹೋಗೋಣ ಅಂತ ಒಬ್ಬರೂ ಹೇಳುತ್ತಿಲ್ಲ. ಈ ಶಾಟ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಾನು ಬಂದಿದ್ದು ಬಾಡಿಗೆಗೆ ಪ್ರೊಜೆಕ್ಟರ್ ತೆಗೆದುಕೊಂಡು ಹೋಗಲು. ಇವತ್ತು ರಾತ್ರಿ ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಸಿನಿಮಾ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಸಂಜೆ ಆರಕ್ಕೆ ಕತ್ತಲು, ಎಲ್ಲರೂ ಅವರವರ ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಅದರ ಬದಲು ಒಟ್ಟಿಗೆ ಕೂತು ನೋಡೋಣ ಅಂತ. ನಿಯಮ ಒಂದೇ: ಸಂಗೀತಗಾರರು ನಟಿಸಿರುವ ಸಣ್ಣ ಬಜೆಟ್ ಸಿನಿಮಾ ಆಗಿರಬೇಕು. ನನಗೆ ಅವು ಯಾಕೆ ಅಷ್ಟು ಇಷ್ಟ ಅಂತ ಹೇಳುತ್ತೇನೆ, ಮೊದಲು ಈ ಅಡಾಪ್ಟರ್ ವಿಷಯ ಮುಗಿಸಿಬಿಡುತ್ತೇನೆ.

ಇದೇ ನೋಡಿ. 950 ರೂಪಾಯಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಟೈಪ್ ಸಿ ಪೋರ್ಟ್ ಮಾತ್ರ, ಪ್ರೊಜೆಕ್ಟರ್‌ಗೆ ಬೇಕಾಗಿದ್ದು ಎಚ್‌ಡಿಎಂಐ, ಅಂದರೆ ವಿಡಿಯೋ ಸಾಗಿಸುವ ಕೇಬಲ್; ಎರಡನ್ನೂ ಜೋಡಿಸಲು ಈ ಅಡಾಪ್ಟರ್. ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಇದಕ್ಕೆ ಆಗುತ್ತದಾ ಅಂತ ಎರಡು ಸಲ ಕೇಳಿದೆ. ಎಲ್ಲದಕ್ಕೂ ಆಗುತ್ತೆ ಸರ್ ಅಂದರು. ಮನೆಗೆ ಬಂದು ಹಾಕಿದರೆ ಗೋಡೆಯ ಮೇಲೆ ನೀಲಿ ಬಣ್ಣ, ನಡುವೆ ನೋ ಸಿಗ್ನಲ್. ತೆಗೆದು ಹಾಕಿದೆ, ತಿರುಗಿಸಿ ಹಾಕಿದೆ, ಆರಿಸಿ ಹಚ್ಚಿದೆ. ಫೋನ್ ಮಾಡಿದರೆ, ನಿಮ್ಮ ಲ್ಯಾಪ್‌ಟಾಪ್‌ನ ಆ ಪೋರ್ಟ್‌ನಲ್ಲಿ ಚಾರ್ಜ್ ಮಾತ್ರ ಆಗುವುದು, ವಿಡಿಯೋ ಹೊರಗೆ ಬರುವುದಿಲ್ಲ ಅನ್ನುತ್ತಾರೆ! ಇದನ್ನೇ ಅಲ್ಲವೇ ನಾನು ಅಂಗಡಿಯಲ್ಲಿ ಕೇಳಿದ್ದು? ಸೀಲ್ ಒಡೆದ ಮೇಲೆ ವಾಪಸ್ ಇಲ್ಲವಂತೆ. ಸೀಲ್ ಒಡೆಯದೆ ಹಾಕಿ ನೋಡುವುದು ಹೇಗೆ? ಒಂದು ದಿನದ ಪ್ರೊಜೆಕ್ಟರ್ ಬಾಡಿಗೆಯೇ 1,200, ಅದರ ಮೇಲೆ ಯಾವುದಕ್ಕೂ ಬಾರದ ಈ ತುಂಡಿಗೆ 950. ನನಗೆ ಈಗಲೂ ಸಿಟ್ಟು ಇಳಿದಿಲ್ಲ. ನೀವು ಕೊಳ್ಳುವಾಗ ಅಂಗಡಿಯಲ್ಲೇ ಟಿವಿಗೆ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಕೊನೆಗೆ ಪಕ್ಕದ ಮನೆ ಹುಡುಗನ ಹಳೆ ಲ್ಯಾಪ್‌ಟಾಪ್ ಬಂತು. ಅದರಲ್ಲಿ ಎಚ್‌ಡಿಎಂಐ ಇದೆ. ಸಿನಿಮಾವನ್ನು ಪೆನ್‌ಡ್ರೈವ್‌ಗೆ ಹಾಕಿ ಸಾಗಿಸುವಷ್ಟರಲ್ಲಿ ದೊಡ್ಡಮ್ಮನ ಕಡುಬು ತಣ್ಣಗಾಯಿತು.

ಗೋಡೆಗೆ ಕಟ್ಟಿರುವುದು ದೊಡ್ಡಪ್ಪನ ಪಂಚೆ. ಜರಿ ಅಂಚು ಪರದೆಯ ಕೆಳಗೆ ಚೆನ್ನಾಗಿಯೇ ಕಾಣುತ್ತದೆ.

ಸಿನಿಮಾ, ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್. 1984ರದು, ಜಿಮ್ ಜಾರ್ಮುಶ್ ಮಾಡಿದ್ದು, ಕಪ್ಪು ಬಿಳುಪು. ಇನ್ನೊಬ್ಬ ನಿರ್ದೇಶಕ ವಿಮ್ ವೆಂಡರ್ಸ್ ತಮ್ಮಲ್ಲಿ ಉಳಿದಿದ್ದ ಫಿಲ್ಮ್ ಕೊಟ್ಟರು, ಅದರಲ್ಲಿ ಮೊದಲು ಅರ್ಧ ಗಂಟೆಯ ಚಿತ್ರ ಆಯಿತು, ಅದೇ ಬೆಳೆದು ಪೂರ್ತಿ ಸಿನಿಮಾ ಆಯಿತು, ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ಡಿ'ಓರ್ ಪ್ರಶಸ್ತಿ ಬಂತು. ಮುಖ್ಯ ಪಾತ್ರದ ಜಾನ್ ಲೂರಿ ಸ್ಯಾಕ್ಸೋಫೋನ್ ನುಡಿಸುವವರು, ಲೌಂಜ್ ಲಿಜರ್ಡ್ಸ್ ಬ್ಯಾಂಡಿನವರು. ಜೊತೆಗಾರ ರಿಚರ್ಡ್ ಎಡ್ಸನ್, ಸೋನಿಕ್ ಯೂತ್ ಬ್ಯಾಂಡಿನ ಶುರುವಿನ ದಿನಗಳ ಡ್ರಮ್ಮರ್. ಇಬ್ಬರೂ ಇಡೀ ಸಿನಿಮಾದಲ್ಲಿ ಏನೂ ನುಡಿಸುವುದಿಲ್ಲ. ಟಿವಿ ನೋಡುತ್ತಾರೆ, ಇಸ್ಪೀಟ್ ಆಡುತ್ತಾರೆ, ಸುಮ್ನೆ ಕೂರುತ್ತಾರೆ. ಹಾಡುವುದು ಅಂದರೆ ಹಂಗೇರಿಯಿಂದ ಬಂದ ಹುಡುಗಿಯ ಟೇಪ್‌ರೆಕಾರ್ಡರ್ ಮಾತ್ರ, ಅದರಲ್ಲಿ ಅಮೆರಿಕದ ಗಾಯಕ ಸ್ಕ್ರೀಮಿನ್ ಜೇ ಹಾಕಿನ್ಸ್.

ಈ ಸಿನಿಮಾದಲ್ಲಿ ಪ್ರತಿ ದೃಶ್ಯವೂ ಒಂದೇ ಶಾಟ್. ಒಂದು ಮುಗಿದ ಮೇಲೆ ಪರದೆ ಪೂರ್ತಿ ಕಪ್ಪು, ಆಮೇಲೆ ಇನ್ನೊಂದು. ಇದನ್ನು ಮೊದಲೇ ಹೇಳಿದ್ದೆ. ನಡುವೆ ಒಂದು ಸಲ ಕಪ್ಪಾಯಿತು. ಎಲ್ಲರೂ ಸುಮ್ಮನೆ ಕಾದರು. ಸ್ಪೀಕರ್ ಬ್ಯಾಟರಿಯದ್ದು, ಲ್ಯಾಪ್‌ಟಾಪ್‌ನಲ್ಲೂ ಚಾರ್ಜ್ ಇತ್ತು, ಹಾಗಾಗಿ ಮಾತು ಬರುತ್ತಲೇ ಇತ್ತು. ಎಷ್ಟು ಚೆನ್ನಾಗಿದೆ ಅಲ್ವಾ, ಚಿತ್ರ ಇಲ್ಲದೆ ಬರೀ ಮಾತು ಕೇಳಿಸುತ್ತಿದ್ದಾನೆ ಅಂತ ಭಾವ ಅಂದರು. ಕರೆಂಟ್ ಹೋಗಿತ್ತು. ಎಲ್ಲೋ ಲೈನ್ ಮೇಲೆ ಕೊಂಬೆ ಬಿದ್ದಿರಬೇಕು.

ಒಂದು ಗಂಟೆ ಮೇಣದ ಬತ್ತಿ. ಈ ಒಂದು ಗಂಟೆಯೇ ನನಗೆ ಜಾಸ್ತಿ ಇಷ್ಟವಾಗಿದ್ದು.

ಪಕ್ಕದ ತೋಟದ ಅಜ್ಜ ಬಂದಿದ್ದರು, ಮದುವೆಗಳಲ್ಲಿ ವಾಲಗದ ಜೊತೆ ಡೋಲು ಬಾರಿಸುತ್ತಿದ್ದವರು. ಇಂಗ್ಲಿಷ್ ಬರುವುದಿಲ್ಲ. ಆ ಎರಡನೆಯವನು ಡ್ರಮ್ ಬಾರಿಸುವವನು ಅಜ್ಜ, ಅಂದೆ. ಅದಕ್ಕೆ ಅವರು, "ಗೊತ್ತಾಗುತ್ತೆ ಮಗ. ಮೊದಲನೆಯವನು ಬಿಡುವವರೆಗೆ ಇವನು ಹಿಡಿಯುವುದಿಲ್ಲ" ಅಂದರು. ನಾನು ಇಷ್ಟು ವರ್ಷದಿಂದ ಹೇಳಲು ಹುಡುಕುತ್ತಿದ್ದ ಮಾತು ಅದು. ನಟರಿಗೆ ಸುಮ್ಮನಿರುವುದು ಅಂದರೆ ಭಯ, ಏನಾದರೂ ಮಾಡಿಬಿಡುತ್ತಾರೆ. ಸಂಗೀತದವರಿಗೆ ಖಾಲಿ ಜಾಗವೂ ಲೆಕ್ಕದಲ್ಲೇ ಇರುತ್ತದೆ. ದೊಡ್ಡ ಸಿನಿಮಾದಲ್ಲಿ ಆ ಜಾಗವನ್ನು ಎಡಿಟರ್ ಕತ್ತರಿಸುತ್ತಾರೆ, ಸಣ್ಣ ಸಿನಿಮಾದಲ್ಲಿ ಉಳಿಸುತ್ತಾರೆ.

ಆಮೇಲೆ ಎಲ್ಲರೂ ತಮ್ಮ ತಮ್ಮ ಸಿನಿಮಾ ಹೇಳಿದರು. ದೊಡ್ಡಮ್ಮನದು ಮಾನ್ಸೂನ್ ವೆಡ್ಡಿಂಗ್. ಮೀರಾ ನಾಯರ್ ಅವರದು, 2001ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂತಲ್ಲ, ಅದು. ಅದರಲ್ಲಿ ಮದುಮಗಳು ನಮ್ಮ ಬೆಂಗಳೂರಿನ ವಸುಂಧರಾ ದಾಸ್. ಅಷ್ಟು ಹೊತ್ತಿಗೆ ಶಕಲಕ ಬೇಬಿ ಹಾಡಿ ಹೆಸರಾಗಿದ್ದವರನ್ನು ಹಾಡಿಸದೆ ಬಿಟ್ಟರಲ್ಲ, ಅದೇ ಸರಿ ಅಂದೆ. ಗಾಯಕರು ಇಂಥ ಸಿನಿಮಾದಲ್ಲಿ ಹಾಡಲೇಬಾರದು ಅಂತಲೂ ಅಂದೆ. ಭಾವ ತಕ್ಷಣ ವನ್ಸ್ ಅಂದರು. 2007ರದು. ದಿ ಫ್ರೇಮ್ಸ್ ಬ್ಯಾಂಡಿನ ಗ್ಲೆನ್ ಹ್ಯಾನ್ಸಾರ್ಡ್, ಜೊತೆಗೆ ಮಾರ್ಕೇಟಾ ಇರ್ಗ್ಲೋವಾ. ಡಬ್ಲಿನ್ ಬೀದಿಯಲ್ಲಿ 17 ದಿನದಲ್ಲಿ ತೆಗೆದದ್ದು, ಇಡೀ ಸಿನಿಮಾ ಹಾಡೇ ಹಾಡು, ಫಾಲಿಂಗ್ ಸ್ಲೋಲಿಗೆ ಆಸ್ಕರ್ ಬೇರೆ ಬಂತು. ವಾದ್ಯದ ಅಂಗಡಿಯಲ್ಲಿ ಇಬ್ಬರೂ ಆ ಹಾಡನ್ನು ಮೊದಲ ಸಲ ಕೂಡಿ ಹಾಡುವ ದೃಶ್ಯ ನೆನಪಾಯಿತು. ಸರಿ, ನನ್ನ ಮಾತು ತಪ್ಪು. ಹಾಡಲಿ. ಆದರೆ ಹಾಡು ಹುಟ್ಟುವುದನ್ನು ತೋರಿಸಬೇಕು, ಸ್ಟೇಜ್ ಮೇಲೆ ತಂದು ನಿಲ್ಲಿಸಬಾರದು.

ಅಜ್ಜ ಬಾಲಮುರಳಿಕೃಷ್ಣ ಅಂದರು, 1967ರ ಭಕ್ತ ಪ್ರಹ್ಲಾದದ ನಾರದ. ಅದು ದೊಡ್ಡ ಕಂಪನಿ ಸಿನಿಮಾ ಅಜ್ಜ, ನಿಯಮಕ್ಕೆ ಬರುವುದಿಲ್ಲ ಅಂದರೆ ಕೇಳಲಿಲ್ಲ. ಹಾಗಾದರೆ ಹಂಸಗೀತೆ ಅಂದರು. ಜಿ. ವಿ. ಅಯ್ಯರ್, 1975. ಅಲ್ಲಿ ಉಲ್ಟಾ, ಸಂಗೀತಗಾರನ ಪಾತ್ರದಲ್ಲಿ ನಟ ಅನಂತ್ ನಾಗ್, ದನಿ ಬಾಲಮುರಳಿಯವರದು, ಆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅನಂತ್ ನಾಗ್ ಎಲ್ಲಿ ಕಲಿತರು ಆ ಕಾಯುವಿಕೆಯನ್ನು?

ಕರೆಂಟ್ ಬಂತು, ಬೇಗ ಹೇಳುತ್ತೇನೆ, ಈ ಕ್ಲಿಪ್ ಸಣ್ಣದು. ಇದೇ ಆ ಶಾಟ್. ಮೂವರೂ ಕ್ಲೀವ್‌ಲ್ಯಾಂಡ್‌ನಲ್ಲಿ ಈರಿ ಸರೋವರ ನೋಡಲು ಹೋಗುತ್ತಾರೆ. ಹಿಮ ಬಿದ್ದು ನೀರೂ ಇಲ್ಲ, ದಡವೂ ಇಲ್ಲ, ಬರೀ ಬಿಳಿ. ಕಂಬಿ ಹಿಡಿದು ನಿಂತಿದ್ದಾರೆ. "ಅಯ್ಯೋ, ರಾಜಾಸೀಟ್!" ಅಂತ ದೊಡ್ಡಮ್ಮ ಕೂಗಿದ್ದು ಕೇಳಿಸಿತಾ?

ಮುಂದಿನ ಸಲ ಮಿಸ್ಟರಿ ಟ್ರೇನ್. 1989ರದು, ಅದೇ ನಿರ್ದೇಶಕರದು. ಟೇಪ್‌ನಲ್ಲಿ ಹಾಡಿದ ಹಾಕಿನ್ಸ್ ಅದರಲ್ಲಿ ಕೆಂಪು ಕೋಟು ಹಾಕಿಕೊಂಡು ಹೋಟೆಲ್ ಕೌಂಟರ್‌ನಲ್ಲಿ ಕೂತಿರುತ್ತಾರೆ, ದಿ ಕ್ಲಾಶ್ ಬ್ಯಾಂಡಿನ ಜೋ ಸ್ಟ್ರಮ್ಮರ್ ಕೂಡ ಇದ್ದಾರೆ. ನಿಮ್ಮ ಸಿನಿಮಾ ಯಾವುದು ಅಂತ ನನಗೆ ಬರೆಯಿರಿ, ಅಜ್ಜನಿಗೂ ಓದಿ ಹೇಳುತ್ತೇನೆ. ಬೆಳಗ್ಗೆ ಎಂಟಕ್ಕೆ ಹುಡುಗನಿಗೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು, ಅವನಿಗೆ ಕಾಲೇಜಿದೆ.