ರಜೆಯ ಓದಿಗೆ ಜೊತೆ ಕೂರುವವರು ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಏಪ್ರಿಲ್ ಎರಡನೆಯ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಸುಮಾರು 7 ವಾರ. ಅಜ್ಜನ ಮನೆ, ಗೇರುಹಣ್ಣು, ಅಂಕೋಲೆಯ ಕರಿ ಇಶಾಡು ಮಾವು, ಸಂಜೆ ಕಡಲ ದಂಡೆಯ ಆಟ, ಇವೆಲ್ಲ ಮಕ್ಕಳಿಗೆ ಬೇಕೇ ಬೇಕು. ಇವನ್ನು ಬಿಡಿಸಿ ಕೈಗೆ ಪುಸ್ತಕ ತುರುಕಿ ಎಂದು ನಾನು ಹೇಳಲಾರೆ. ಆದರೆ ಎರಡನೆಯ, ಮೂರನೆಯ ತರಗತಿಯ ಮಗುವಿನ ಓದು ಇನ್ನೂ ಎಳೆಯದು. ಒತ್ತಕ್ಷರ ಈಗಷ್ಟೇ ರೂಢಿಯಾಗಿರುತ್ತದೆ. ಇಡೀ ರಜೆಯಲ್ಲಿ ಒಂದು ಸಾಲನ್ನೂ ಓದದ ಮಗು ಜೂನ್‌ನಲ್ಲಿ ಪಾಠ ತೆರೆದಾಗ, ಮಾರ್ಚ್‌ನಲ್ಲಿ ಸಲೀಸಾಗಿ ಓದುತ್ತಿದ್ದ ಪದದ ಮುಂದೆಯೇ ತಡವರಿಸಿ ನಿಲ್ಲುವುದನ್ನು ಶಿಕ್ಷಕಿಯಾಗಿ ಮತ್ತೆ ಮತ್ತೆ ಕಂಡಿದ್ದೇನೆ.

ಮನೆಯಲ್ಲಿ ಕುಳಿತು ಓದಿಸುವವರಿದ್ದರೆ ಅಷ್ಟು ತೊಂದರೆ ಆಗದು. ನಸುಕಿನಲ್ಲೇ ಅಪ್ಪ ದೋಣಿಗೆ, ಅಮ್ಮ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಡುವ ಮನೆಯ ಮಗುವಿಗೆ ಆ ಅನುಕೂಲವಿಲ್ಲ. ದುಡಿಯಲೇಬೇಕಾದ ಅವರನ್ನು ದೂರುವುದು ಸಲ್ಲದು. ಬಿಡುವಿರುವ ನಾವು ಆ ಹೊತ್ತಿಗೆ ಒದಗಬೇಕು.

ಮಕ್ಕಳ ಓದಿನ ಮಾತು ಬಂದ ಕೂಡಲೇ ನಮಗೆ ತೋಚುವುದು ಪುಸ್ತಕ ದಾನ. ಅಟ್ಟದ ಮೇಲಿನ ಹಳೆಯ ಗೈಡು, ರಟ್ಟು ಕಿತ್ತುಹೋದ ಪಠ್ಯಪುಸ್ತಕ, ಹಿಂದಿನ ವರ್ಷಗಳ ವಿಶೇಷಾಂಕ ಎಲ್ಲವನ್ನೂ ಕಟ್ಟು ಕಟ್ಟಿ ಸಾಗಿಸಿಬಿಡುತ್ತೇವೆ. ದಯವಿಟ್ಟು ಬೇಡ. ಎಂಟು ವರ್ಷದ ಮಗು ಅವುಗಳಲ್ಲಿ ಯಾವುದನ್ನೂ ಓದುವುದಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕಪಾಟಿನ ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣವಿದೆ. ಕನ್ನಡದ ಚಿತ್ರಕಥೆಗಳನ್ನು ಅಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ. ದುಡ್ಡು ಕೊಡಬೇಕಿಲ್ಲ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ.

ಕೊರತೆ ಇರುವುದು ಮಗು ಓದುವಾಗ ಪಕ್ಕದಲ್ಲಿ ಕುಳಿತು ಕೇಳುವವರದು. ಅರಿವು ಕೇಂದ್ರದ ಮೇಲ್ವಿಚಾರಕರು ಒಬ್ಬರೇ. ಪುಸ್ತಕ ಕೊಡುವುದು, ವಾಪಸು ಪಡೆಯುವುದು, ದಾಖಲೆ ಬರೆಯುವುದು ಎಲ್ಲ ಅವರದೇ. ಹತ್ತು ಮಕ್ಕಳ ಓದನ್ನು ಒಬ್ಬೊಬ್ಬರದಾಗಿ ಕೇಳಲು ಅವರಿಗೆ ಸಾಧ್ಯವೇ?

ಕಳೆದ ಬೇಸಿಗೆಯಲ್ಲಿ ಕಾರವಾರದ ಬಳಿಯ ಮಾಜಾಳಿ ಕಡೆಯ ಹುಡುಗನೊಬ್ಬ ನನ್ನ ಪಕ್ಕ ಕುಳಿತು ಮೀನುಗಾರರ ಕಥೆಯೊಂದನ್ನು ಓದುತ್ತಿದ್ದ. ಪದದ ಕೆಳಗೆ ಬೆರಳಿಟ್ಟು, ಅಕ್ಷರಕ್ಕೊಮ್ಮೆ ನಿಂತು. ಒಂದು ಪುಟದಲ್ಲಿ ಓದು ಬಿಟ್ಟು ಚಿತ್ರವನ್ನೇ ದಿಟ್ಟಿಸಿದ. “ಅಕ್ಕೋರೇ, ಇದು ತಪ್ಪು” ಎಂದ. ಚಿತ್ರದಲ್ಲಿ ಬಲೆ ಎಳೆಯುವವರೆಲ್ಲ ದಂಡೆಯ ಒಂದೇ ಕಡೆ ನಿಂತಿದ್ದರು. ರಂಪಣಿ ಬಲೆಯ ಒಂದು ತುದಿಯನ್ನು ದಂಡೆಯಲ್ಲಿ ಹಿಡಿದಿರಬೇಕು, ದೋಣಿ ಬಲೆ ಬಿಡುತ್ತ ಬಿಡುತ್ತ ಬಳಸಿ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸಬೇಕು, ಆಮೇಲೆ ಎರಡೂ ಕಡೆಯಿಂದ ಜನ ಎಳೆಯಬೇಕು. ಇಷ್ಟನ್ನೂ ಕೊಂಕಣಿಯಲ್ಲಿ, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ಬಿಡಿಸಿ ಹೇಳಿದ. ಹೇಳಿ ಮುಗಿಸಿ, ಯಾರೂ ಹೇಳದೆಯೇ, ಆ ಪುಟವನ್ನು ಮೊದಲಿನಿಂದ ಓದತೊಡಗಿದ. ಪುಸ್ತಕದಲ್ಲಿ ಇನ್ನೇನು ತಪ್ಪಿದೆಯೆಂದು ಅವನಿಗೆ ತಿಳಿಯಬೇಕಿತ್ತು. ಈ ಸಲ ಬೆರಳು ಸಾಲಿನ ಮೇಲೆ ಬೇಗ ಬೇಗ ಸರಿಯಿತು.

ಆದ್ದರಿಂದ ಮಗು ಕೊಂಕಣಿಯಲ್ಲಿ ಮಾತಾಡಿದರೆ ತಡೆಯಬೇಡಿ, ನಡುವೆ ಕಥೆ ಬಿಟ್ಟು ಬೇರೆಲ್ಲಿಗೋ ಹೋದರೂ ತಡೆಯಬೇಡಿ. ತಪ್ಪು ಓದಿದ ಪ್ರತಿ ಪದವನ್ನೂ ಅಲ್ಲಲ್ಲೇ ತಿದ್ದಿದರೆ ಕಥೆ ಸತ್ತುಹೋಗುತ್ತದೆ. ಸಾಲು ಮುಗಿಯಲಿ, ಅರ್ಥ ಕೆಟ್ಟಿದ್ದರೆ ಮಾತ್ರ ಇನ್ನೊಮ್ಮೆ ಓದೋಣ ಎನ್ನಿ. ಪುಸ್ತಕವನ್ನು ಮಗುವೇ ಆರಿಸಿಕೊಳ್ಳಲಿ. ಓದಿದ್ದನ್ನೇ ನಾಲ್ಕು ಸಲ ಓದಿದರೂ ಸರಿ. ಯಾರು ಹೆಚ್ಚು ಪುಸ್ತಕ ಮುಗಿಸಿದರು ಎಂಬ ಸ್ಪರ್ಧೆ ಮಾತ್ರ ಖಂಡಿತ ಬೇಡ. ಬಹುಮಾನ ಸಿಗುವುದು ಹೇಗೂ ಚೆನ್ನಾಗಿ ಓದುವ ಮಗುವಿಗೇ, ತಡವರಿಸುವ ಮಗು ಮರುದಿನದಿಂದ ಬರುವುದಿಲ್ಲ.

ಇದಕ್ಕೆ ಶಿಕ್ಷಕರೇ ಆಗಬೇಕೆಂದಿಲ್ಲ. ಎಸ್ಸೆಸ್ಸೆಲ್ಸಿ ಬರೆದು ಮುಂದಿನ ಪ್ರವೇಶಕ್ಕೆ ಕಾಯುತ್ತಿರುವ ಹುಡುಗಿಯರು ತಮ್ಮ ಕೇರಿಯ ಚಿಕ್ಕವರಿಗೆ ಬಹಳ ಚೆನ್ನಾಗಿ ಓದಿಸುತ್ತಾರೆ. ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಲೆಯಲ್ಲಿ ಅರ್ಥ ಹೇಳುವ ಹಿರಿಯರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರೂರಲ್ಲಿ ಇದ್ದಾರೆ. ಅವರು ಒಂದು ಕಥೆ ಎತ್ತಿಕೊಂಡು ಹುಲಿಗೊಂದು ದನಿ, ಮೊಲಕ್ಕೊಂದು ದನಿ ಕೊಟ್ಟು ಓದಿದರೆ ಮಕ್ಕಳು ಅಲುಗಾಡುವುದಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದ ಕಾಲಕ್ಕೆ ಶಾಲೆಯೇ ದೂರವಿತ್ತು. ಅಂದು ಬೇಕಾಗಿದ್ದುದು ಕಟ್ಟಡ. ಇಂದು ನಮ್ಮಿಂದ ಬೇಕಾಗಿರುವುದು ವಾರಕ್ಕೆ ಎರಡು ಗಂಟೆ, ಅದೂ ತಪ್ಪದೆ. ಒಂದು ದಿನ ಬಂದು ಫೋಟೊ ತೆಗೆಸಿಕೊಂಡು ಹೋದವರಿಗಾಗಿ ಮಕ್ಕಳು ಮರುವಾರ ಬಾಗಿಲ ಕಡೆ ನೋಡುತ್ತ ಕೂರುತ್ತಾರೆ.

ಎರಡು ಎಚ್ಚರಿಕೆ. ಓದಿಸುವ ಜಾಗ ನಾಲ್ಕು ಜನರ ಕಣ್ಣಿಗೆ ಬೀಳುವಂತಿರಲಿ: ಅರಿವು ಕೇಂದ್ರ, ದೇವಸ್ಥಾನದ ಚಾವಡಿ, ಸಮುದಾಯ ಭವನ. ಹಿರಿಯರು ಇಬ್ಬರಾದರೂ ಇರಲಿ, ಮನೆಯವರ ಒಪ್ಪಿಗೆ ಇರಲಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಆಮೇಲೆ ನಮ್ಮ ಕರಾವಳಿಯ ಸೆಕೆಯಲ್ಲಿ ಮಕ್ಕಳಿಗೂ ಸಾಕಾಗುತ್ತದೆ, ನಮಗೂ ಸಾಕಾಗುತ್ತದೆ. ಕುಡಿಯುವ ನೀರು ಮರೆಯಬೇಡಿ, ಮುರುಗಲ ಶರಬತ್ತು ಮಾಡಿ ತಂದರೆ ಇನ್ನೂ ಒಳ್ಳೆಯದು.

ನಾಳೆಯೇ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರನ್ನು ಕಾಣಿ. ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿ, ಹಾಗೆಯೇ ಪಕ್ಕದ ಮನೆಯ ಮಗುವಿಗೂ ಹೇಳಿ.

ನಮಸ್ಕಾರ.