ಆಪರೇಷನ್ನಿಗೆ ಮುಂಚಿನ ಊಟ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಯಾರಿಗಾದರೂ ಆಪರೇಷನ್ ಆಯಿತು ಅಂದರೆ ನಾವು ಏನು ಮಾಡುತ್ತೇವೆ? ಎಳನೀರು, ಮೋಸಂಬಿ, ಬ್ರೆಡ್ಡು ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತುತ್ತೇವೆ. ಎಲ್ಲ ಆದ ಮೇಲೆ. ಹದಿನೈದು ದಿನ ಮುಂಚೆ ಅದೇ ಮನೆಗೆ ಹೋಗಿ, "ಊಟ ಸರಿಯಾಗಿ ಮಾಡ್ತಿದ್ದೀರಾ?" ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ಇವತ್ತಿನ ಮಾತು ಆ ಮುಂಚಿನ ದಿನಗಳ ಬಗ್ಗೆ.

ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ದೊಡ್ಡ ಕರುಳಿನಲ್ಲಿ ಗಡ್ಡೆ. ಆರು ತಿಂಗಳ ಹಿಂದೆ 58 ಕಿಲೋ ಇದ್ದವರು 49ಕ್ಕೆ ಇಳಿದಿದ್ದರು. ಸರ್ಜನ್ ನೋಡಿ, 12 ದಿನ ಬಿಟ್ಟು ಆಪರೇಷನ್ ಮಾಡೋಣ, ಅಲ್ಲಿಯವರೆಗೆ ಇವರಿಗೆ ಚೆನ್ನಾಗಿ ಊಟ ಕೊಡಿ ಅಂದರು. ಮಗನಿಗೆ ಸಿಟ್ಟು ಬಂತು. "ಗಡ್ಡೆ ಇಟ್ಟುಕೊಂಡು ಊಟ ಮಾಡ್ತಾ ಕೂರೋದಾ?" ಅಂತ ನನ್ನ ಮೇಲೇ ರೇಗಿದ. ಸಿಟ್ಟು ಬರುವುದು ಸಹಜ, ಅಲ್ವಾ? ಆದರೆ ಆರು ತಿಂಗಳಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ತೂಕ ಇಳಿದವರಿಗೆ, ದೊಡ್ಡ ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಪೌಷ್ಟಿಕ ಆಹಾರ ಕೊಡಬೇಕು, ಅದಕ್ಕಾಗಿ ಆಪರೇಷನ್ ಸ್ವಲ್ಪ ಮುಂದೆ ಹೋದರೂ ಸರಿ ಅನ್ನುವುದು ಇವತ್ತಿನ ವೈದ್ಯರ ನಿಯಮ. ಕರುಳು ಕಟ್ಟಿಕೊಂಡಿದ್ದರೆ, ಅಪೆಂಡಿಕ್ಸ್ ಒಡೆದಿದ್ದರೆ ಮಾತು ಬೇರೆ. ಆಗ ಕಾಯುವ ಹಾಗೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಹೈರಮ್ ಸ್ಟಡ್ಲಿ ಎಂಬ ಸರ್ಜನ್, ಅಲ್ಸರಿಗೆ ಆಪರೇಷನ್ ಆದವರ ಲೆಕ್ಕ ತೆಗೆದು ನೋಡಿದರು. ಮುಂಚೆಯೇ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತೂಕ ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ಉಳಿಯಲಿಲ್ಲ. ಅಷ್ಟು ತೂಕ ಇಳಿಯದವರಲ್ಲಿ ಸತ್ತವರು ನೂರಕ್ಕೆ ನಾಲ್ಕು ಜನವೂ ಇಲ್ಲ.

ಯಾಕೆ ಹೀಗೆ? ಆಪರೇಷನ್ ಅಂದರೆ ಮೈಗೆ ದೊಡ್ಡ ಪೆಟ್ಟು. ಗಾಯ ಕೂಡಬೇಕು, ಸೋಂಕಿನ ಜೊತೆ ಹೋರಾಡಬೇಕು. ಎರಡಕ್ಕೂ ಪ್ರೋಟೀನ್ ಬೇಕು. ಹೊರಗಿನಿಂದ ಬರದಿದ್ದರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಮೊದಲೇ ಸೊರಗಿದವರಲ್ಲಿ ಕರಗಿಸಲು ಏನಿರುತ್ತದೆ? ಹೊಲಿಗೆ ಬಿಡುತ್ತದೆ. ಎದ್ದು ನಡೆಯಲು ಶಕ್ತಿ ಇರುವುದಿಲ್ಲ. ಉಸಿರಾಡುವುದೂ ಮಾಂಸಖಂಡದ ಬಲದಿಂದಲೇ ತಾನೇ? ಗಟ್ಟಿಯಾಗಿ ಕೆಮ್ಮಲು ಆಗದೆ ಕಫ ಒಳಗೇ ಉಳಿದು ನ್ಯುಮೋನಿಯಾ ಹಿಡಿಯುತ್ತದೆ. ಇದನ್ನೆಲ್ಲ ಹೇಳಿದಾಗ ಯಜಮಾನರು ಮಗನ ಕಡೆ ತಿರುಗಿ, "ಮಳೆಗೆ ಮುಂಚೆ ಅಡಿಕೆ ಕೊನೆಗೆ ಮದ್ದು ಹೊಡೆದ ಹಾಗೆ ಕಣೋ" ಅಂದರು. ನನ್ನ ಅರ್ಧ ಗಂಟೆಯ ಪಾಠ ಅವರ ಒಂದು ಮಾತಿನಲ್ಲಿ ಮುಗಿಯಿತು.

ಅವರ ಊಟ ಕೇಳಿದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಮಧ್ಯಾಹ್ನ ಅನ್ನ, ತಂಬುಳಿ. ರಾತ್ರಿ ಗಂಜಿ, ಉಪ್ಪಿನಕಾಯಿ. ಬಾಯಿಗೆ ರುಚಿ, ಹೊಟ್ಟೆಗೆ ಹಗುರ, ನಿಜ. ಆದರೆ ಇದರಲ್ಲಿ ಪ್ರೋಟೀನ್ 30 ಗ್ರಾಂ ದಾಟುವುದು ಕಷ್ಟ. ಆಪರೇಷನ್ನಿಗೆ ಸಿದ್ಧವಾಗುವವರಿಗೆ ತೂಕದ ಒಂದೊಂದು ಕಿಲೋಗೆ 1.2ರಿಂದ 1.5 ಗ್ರಾಂ ಬೇಕು. ಅಂದರೆ ಅವರಿಗೆ ದಿನಕ್ಕೆ ಹೆಚ್ಚುಕಡಿಮೆ 60ರಿಂದ 73 ಗ್ರಾಂ. "ಬೇಳೆ ಜಾಸ್ತಿ ಮಾಡಿ, ಹುರುಳಿ ಸಾರು ಮಾಡಿ" ಅಂದರೆ ಮನೆಯವರು, "ಅಯ್ಯೋ, ನಂಜಲ್ವಾ?" ಅಂದರು. ಈ ನಂಜಿನ ಪಟ್ಟಿ ನಮ್ಮ ಕಡೆ ಬಹಳ ಉದ್ದ. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು, ಬೇಳೆ ಕೀವು ಕಟ್ಟುತ್ತದೆ. ಅಜ್ಜಿಯಂದಿರ ಮೇಲೆ ನನಗೆ ಗೌರವ ಇದೆ. ಆದರೆ ಗಾಯ ಕೂಡಿಸುವ ಪದಾರ್ಥಗಳನ್ನೇ ಆರಿಸಿ ಆರಿಸಿ ಪಥ್ಯಕ್ಕೆ ಸೇರಿಸಿದ್ದು ಹೇಗೋ! ಕೀವು ಆಗುವುದು ರೋಗಾಣುವಿನಿಂದ, ಬೇಳೆಯಿಂದ ಅಲ್ಲ.

ಅವರು ಮೊಟ್ಟೆ ಮುಟ್ಟುವವರಲ್ಲ. ಮುಟ್ಟುವವರಾಗಿದ್ದರೆ ಒಂದೊಂದರಲ್ಲಿ 6 ಗ್ರಾಂ ಸುಲಭವಾಗಿ ಸಿಗುತ್ತಿತ್ತು. ಅದಕ್ಕೇ ಗಂಜಿಗೆ ಎರಡು ಚಮಚ ಹಾಲಿನ ಪುಡಿ, ಅಂಬಲಿಗೆ ಹುರಿದ ಶೇಂಗಾ ಪುಡಿ, ಹೆಸರುಕಾಳು, ಗಟ್ಟಿ ಮೊಸರು, ಪನೀರ್ ಅಂತ ಸೇರಿಸುತ್ತಾ ಹೋದೆವು. ಹೊಟ್ಟೆ ಬೇಗ ತುಂಬುತ್ತದೆ ಅಂದಿದ್ದರಿಂದ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಅಷ್ಟಾದರೂ ಲೆಕ್ಕ ತುಂಬಲಿಲ್ಲ. ಆಗ ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪೌಡರ್ ದಿನಕ್ಕೆ ಎರಡು ಲೋಟ, ಊಟದ ಬದಲಿಗೆ ಅಲ್ಲ, ಊಟದ ಮಧ್ಯೆ. ಅಂಗಡಿಯಲ್ಲಿ ಸುಮ್ನೆ ಕಂಡ ಡಬ್ಬ ತರಬೇಡಿ. ಎಷ್ಟೋ ಡಬ್ಬಗಳಲ್ಲಿ ಸಕ್ಕರೆಯೇ ಜಾಸ್ತಿ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಈ ಲೆಕ್ಕವೇ ಬೇರೆ. ಎಷ್ಟೋ ದಿನದಿಂದ ಏನೂ ತಿನ್ನದವರಿಗೆ ಒಮ್ಮೆಲೇ ತುಂಬಾ ಕೊಟ್ಟರೆ ರಕ್ತದ ಲವಣಾಂಶ ಏರುಪೇರಾಗಿ ಅಪಾಯ. ಹಾಗಾಗಿ ಕೇಳಿಯೇ ಶುರು ಮಾಡಿ.

ರಕ್ತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆಯನ್ನು ವಾರಗಟ್ಟಲೆ ಮುಂಚೆ ಶುರು ಮಾಡಬೇಕು. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ ಜೊತೆ ಬೇಡ, ಕಾಫಿ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಬೆಳ್ಳುಳ್ಳಿ ಮಾತ್ರೆ, ವಿಟಮಿನ್ ಇ, ನಾಟಿ ಕಷಾಯ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಕೆಲವು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ಕೊನೆಗೆ ಉಪವಾಸದ ಮಾತು. ನಮ್ಮ ಮಾವನವರಿಗೆ ಒಂದು ಆಸ್ಪತ್ರೆಯಲ್ಲಿ ರಾತ್ರಿ ಹತ್ತರಿಂದ ನೀರೂ ಕೊಡಲಿಲ್ಲ. ಆಪರೇಷನ್ ಆಗಿದ್ದು ಮರುದಿನ ಮಧ್ಯಾಹ್ನ ಮೂರಕ್ಕೆ. ಅಷ್ಟು ಬೇಕಿಲ್ಲ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ ಬಿಡುವು ಸಾಕು. ನಿಮಗೆ ಎಷ್ಟು ಅನ್ನುವುದನ್ನು ಅರಿವಳಿಕೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ಹೊಸನಗರದ ಆ ಯಜಮಾನರೂ ಆಪರೇಷನ್ನಿನ ಹಿಂದಿನ ದಿನ ಕೇಳಿದರು: "ತಂಗಿ, ಬೆಳಿಗ್ಗೆ ಕಾಫಿ?" ಹಾಲು ಹಾಕಿದ್ದು ಊಟದ ಲೆಕ್ಕಕ್ಕೆ ಸೇರುತ್ತದೆ, 6 ಗಂಟೆ ಮುಂಚೆಯೇ ಮುಗಿಸಬೇಕು, ಹಾಲಿಲ್ಲದ್ದಾದರೆ 2 ಗಂಟೆ ಮುಂಚಿನವರೆಗೂ ಕುಡಿಯಬಹುದು, ಡಾಕ್ಟರು ಒಪ್ಪಿದ್ದಾರೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಹಾಲಿಲ್ಲದ ಕಾಫಿಯಾ? ಅದಕ್ಕಿಂತ ಉಪವಾಸವೇ ವಾಸಿ."

ನಮಸ್ಕಾರ.