ಕಾರಿನಲ್ಲಿ ಮಗು ಎಲ್ಲಿ ಕೂರಬೇಕು, ಹೇಗೆ ಕೂರಬೇಕು?

[ದೃಶ್ಯ: ನಿಂತಿರುವ ಕಾರು. ಮುಂದಿನ ಸೀಟಲ್ಲಿ ಅಮ್ಮ, ಮಡಿಲಲ್ಲಿ ಕೂಸಿನ ಗಾತ್ರದ ಗೊಂಬೆ]

ನಮಸ್ಕಾರ. ಬಾಣಂತನ ಮುಗಿಸಿ ತವರಿಂದ ಹೊರಡೋ ಕಾರು ಸಾಮಾನ್ಯವಾಗಿ ಹೀಗೇ ಇರುತ್ತೆ. ಹಿಂದೆ ಅಜ್ಜಿ, ಚೀಲಗಳು, ತೊಟ್ಟಿಲು. ಮುಂದೆ ಅಮ್ಮ, ಅವಳ ಮಡಿಲಲ್ಲಿ ಮಗು. ಅಮ್ಮನ ಹತ್ತಿರಾನೇ ಇದೆಯಲ್ಲ ಅಂತ ಎಲ್ಲರಿಗೂ ನೆಮ್ಮದಿ. ಆದರೆ ಇಡೀ ಕಾರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರೋದು ಆ ಮಗುವೇ.

"ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂತ ಪ್ರತಿ ತಾಯಿಯೂ ಹೇಳ್ತಾಳೆ. ಒಂದು ಲೆಕ್ಕ ಹಾಕೋಣ. ಮಗುವಿನ ತೂಕ 10 ಕೆಜಿ, ಕಾರಿನ ವೇಗ ಗಂಟೆಗೆ 40 ಕಿಮೀ. ಏನಕ್ಕೋ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ನಿಂತುಬಿಡ್ತು ಅಂದುಕೊಳ್ಳಿ. ಆಗ ಆ ಮಗುವನ್ನ ತಡೆದು ಹಿಡಿಯೋಕೆ 100 ಕೆಜಿಗೂ ಮಿಕ್ಕಿದ ಭಾರ ತಡೆಯೋ ಶಕ್ತಿ ಬೇಕು. ಎರಡು ಅಕ್ಕಿ ಮೂಟೆ ಒಟ್ಟಿಗೆ ಕೈ ಮೇಲೆ ಬಿದ್ದ ಹಾಗೆ. ಯಾರ ಕೈಯೂ ತಡೆಯಲ್ಲ, ಎಷ್ಟೇ ಪ್ರೀತಿ ಇದ್ದರೂ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಇನ್ನೂ ಕೆಟ್ಟದ್ದು, ಅಮ್ಮನ ಮೈಭಾರವೆಲ್ಲ ಮಗುವಿನ ಮೇಲೆ ಬೀಳುತ್ತೆ. ಎದುರಿಗೆ ಏರ್‌ಬ್ಯಾಗ್ ಬೇರೆ. ಅದು ಕಣ್ಣು ಮಿಟುಕಿಸೋದರೊಳಗೆ ಸಿಡಿದು ಬಿಚ್ಚಿಕೊಳ್ಳುತ್ತೆ. ಅದನ್ನ ಮಾಡಿರೋದು ದೊಡ್ಡವರ ಎದೆಗೆ, ಕೂಸಿನ ತಲೆಗಲ್ಲ.

[ದೃಶ್ಯ: ಹಿಂದಿನ ಸೀಟಲ್ಲಿ, ಹಿಮ್ಮುಖವಾಗಿ ಕಟ್ಟಿದ ಚೈಲ್ಡ್ ಸೀಟ್]

ಮಗುವಿನ ಜಾಗ ಹಿಂದಿನ ಸೀಟು, ಅದರದ್ದೇ ಚೈಲ್ಡ್ ಸೀಟಿನಲ್ಲಿ, ಅಂದರೆ ಕಾರಿನ ಸೀಟಿನ ಮೇಲೆ ಕಟ್ಟೋ, ಪಟ್ಟಿಗಳಿರೋ ಮಕ್ಕಳ ಸೀಟಿನಲ್ಲಿ, ಮುಖ ಕಾರಿನ ಹಿಂಭಾಗಕ್ಕೆ. ಯಾಕೆ ಹಿಮ್ಮುಖ? ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತೆ. ತಲೆ ಭಾರ, ಕತ್ತಿನ ಮೂಳೆ ಇನ್ನೂ ಬಲಿತಿಲ್ಲ. ಮಗು ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಕಾರು ಗುದ್ದಿದರೆ, ಬೆಲ್ಟ್ ಮೈಯನ್ನ ಹಿಡಿದು ನಿಲ್ಲಿಸುತ್ತೆ, ತಲೆ ಮಾತ್ರ ಮುಂದಕ್ಕೆ ಎಳೆಯುತ್ತೆ. ಆ ಸೆಳೆತವೆಲ್ಲ ಕತ್ತಿಗೆ. ಹಿಮ್ಮುಖವಾಗಿ ಕೂತಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಒರಗು ಒಟ್ಟಿಗೆ ತಡೆಯುತ್ತೆ.

ಚೈಲ್ಡ್ ಸೀಟುಗಳಿಗೆ ಯುರೋಪಿನಲ್ಲಿರೋ ಆರ್129 ಅನ್ನೋ ಸುರಕ್ಷತಾ ನಿಯಮದಲ್ಲಿ ಕನಿಷ್ಠ 15 ತಿಂಗಳು ಹೀಗೇ ಕೂರಿಸಬೇಕು. ಸ್ವೀಡನ್‌ನಲ್ಲಿ ನಾಲ್ಕು ವರ್ಷದವರೆಗೂ ಕೂರಿಸೋ ರೂಢಿ ಇದೆ. "ಕಾಲು ಚಾಚೋಕೆ ಜಾಗ ಇಲ್ಲ, ಪಾಪ" ಅನ್ನೋರಿದ್ದಾರೆ. ಮಕ್ಕಳು ಚಕ್ಕಳಮಕ್ಕಳ ಹಾಕಿಕೊಂಡು ಆರಾಮಾಗೇ ಇರ್ತಾರೆ. ಸೀಟಿನ ಮೇಲೆ ಬರೆದಿರೋ ತೂಕ, ಎತ್ತರದ ಮಿತಿ ಮುಟ್ಟೋವರೆಗೂ ತಿರುಗಿಸಬೇಡಿ.

ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗಿಬಂದ ಅಜ್ಜಿಯರನ್ನ ಕೇಳಿನೋಡಿ. ಅಲ್ಲಿ ಮಗು ಆಸ್ಪತ್ರೆಯಿಂದ ಮನೆಗೆ ಬರೋದೇ ಕಾರ್ ಸೀಟಿನಲ್ಲಿ. ಈ ಸೀಟುಗಳಿಂದ ಕಾರಿನಲ್ಲಿ ಸಾವಿನ ಅಪಾಯ ಕೂಸುಗಳಿಗೆ 71%, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ 54% ಕಡಿಮೆಯಾಗುತ್ತೆ ಅನ್ನೋದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಲೆಕ್ಕ. ನಮ್ಮಲ್ಲೂ ಕಾನೂನಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡ.

[ದೃಶ್ಯ: ಕ್ಲೋಸಪ್. ಭುಜದ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟುತ್ತಿರುವ ಕೈ]

ಸೀಟು ತಂದರೆ ಅರ್ಧ ಕೆಲಸ ಆಯ್ತು ಅಷ್ಟೆ. ಹಿಮ್ಮುಖ ಸೀಟಿನಲ್ಲಿ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಇಲ್ಲವೇ ತುಸು ಕೆಳಗಿನಿಂದ ಬರಬೇಕು. ಮುಮ್ಮುಖವಾದರೆ ಭುಜದ ಮಟ್ಟದಿಂದ ಇಲ್ಲವೇ ತುಸು ಮೇಲಿನಿಂದ. ಬಿಗಿ ಮಾಡಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಸಡಿಲ ಇದೆ ಅಂತ, ಇನ್ನೂ ಎಳೀರಿ. ಮಡಿಕೇರಿ ಚಳಿ ಅಂತ ದಪ್ಪ ಸ್ವೆಟರ್ ಹಾಕಿ ಮೇಲೆ ಪಟ್ಟಿ ಬಿಗೀಬೇಡಿ, ಗುದ್ದಿದಾಗ ಉಣ್ಣೆ ಅಮುಕಿಕೊಂಡು ಪಟ್ಟಿ ಸಡಿಲ ಬೀಳುತ್ತೆ. ಮೊದಲು ಪಟ್ಟಿ ಬಿಗಿದು, ಆಮೇಲೆ ಶಾಲು ಹೊದಿಸಿ. ಕೊನೆಗೆ, ಕಾರಿಗೆ ಕಟ್ಟಿರೋ ಕಡೆ ಸೀಟನ್ನ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಜರುಗಬಾರದು. ಕಾರಿನಲ್ಲಿ ಐಸೋಫಿಕ್ಸ್ ಕೊಂಡಿ, ಅಂದರೆ ಚೈಲ್ಡ್ ಸೀಟನ್ನ ನೇರವಾಗಿ ಸಿಕ್ಕಿಸೋ ಕೊಂಡಿ, ಇದ್ದರೆ ಈ ಕೆಲಸ ತುಂಬಾ ಸಲೀಸು.

ಅಪಘಾತವಾದ ಕಾರಿನ ಸೀಟು ಯಾರು ಪುಕ್ಕಟೆ ಕೊಟ್ಟರೂ ಬೇಡ.

ಮಗು ದಾರೀಲಿ ಅಳುತ್ತೆ, ಖಂಡಿತ ಅಳುತ್ತೆ. ಆಗ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಎತ್ತಿಕೊಂಡು ಹಾಲು ಕುಡಿಸಿ, ಮತ್ತೆ ಪಟ್ಟಿ ಹಾಕಿ ಹೊರಡಿ. ಓಡೋ ಕಾರಿನಲ್ಲಿ ಪಟ್ಟಿ ಬಿಚ್ಚಬೇಡಿ. ಸನ್‌ರೂಫಿನಿಂದ ತಲೆ ಹೊರಗೆ ಹಾಕಿಸಿ ಮಕ್ಕಳನ್ನ ನಿಲ್ಲಿಸೋರಿಗೂ ಕೈಮುಗಿದು ಕೇಳ್ತೀನಿ, ಒಂದು ಗಟ್ಟಿ ಬ್ರೇಕ್ ಸಾಕು, ದಯವಿಟ್ಟು ನಿಲ್ಲಿಸಬೇಡಿ.

[ದೃಶ್ಯ: ಬಿಸಿಲಲ್ಲಿ ನಿಂತ ಕಾರು, ಹಿಂದಿನ ಬಾಗಿಲು ತೆರೆಯುತ್ತಿರುವ ಕೈ]

ಊರು ಮುಟ್ಟಿದ ಮೇಲೆ ಮಗು ಮಲಗಿದೆ ಅಂತ ಕಾರಿನಲ್ಲೇ ಬಿಟ್ಟು ಹೋಗಬೇಡಿ, ಐದು ನಿಮಿಷಕ್ಕೂ ಬೇಡ. ಕಿಟಕಿ ಸ್ವಲ್ಪ ಇಳಿಸಿದರೂ ಒಳಗಿನ ಕಾವು ಏರ್ತಾನೇ ಹೋಗುತ್ತೆ, ಮಗುವಿನ ಮೈ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತೆ. ಹೊರಡುವಾಗಲೇ ಮೊಬೈಲ್, ಪರ್ಸ್ ಹಿಂದೆ ಮಗುವಿನ ಸೀಟಿನ ಪಕ್ಕ ಇಟ್ಟುಬಿಡಿ. ಇಳಿದ ಮೇಲೆ ಅದಕ್ಕಾದರೂ ಹಿಂದಿನ ಬಾಗಿಲು ತೆಗೀಲೇಬೇಕಾಗುತ್ತೆ.